ನೆಲ ಮುಟ್ಟುವ ವಿದ್ಯೆ

ಅಭಿಮನ್ಯುವಿನ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಚಕ್ರವ್ಯೂಹವನ್ನು ಹೊಗುವ ಬಗೆ ಅವನಿಗೆ ತಿಳಿದಿತ್ತು; ಹೊರಬರುವ ಬಗೆ ತಿಳಿದಿರಲಿಲ್ಲ. ಮನುಷ್ಯ ಹಾರಲು ಕಲಿತ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಆ ಬಾಲಕನ ನೆನಪಾಗುತ್ತದೆ. ಆಕಾಶವನ್ನು ಹೊಗುವ ವಿದ್ಯೆಯನ್ನು ಕುರಿತು ನಾವು ಬೇಕಾದಷ್ಟು ಮಾತನಾಡಿದ್ದೇವೆ. ರೆಕ್ಕೆಯನ್ನು ಹೊಗಳಿದ್ದೇವೆ, ಎಂಜಿನ್ನನ್ನು ಕೊಂಡಾಡಿದ್ದೇವೆ. ಆದರೆ ಮೇಲೇರಿದ್ದು ಕೆಳಗಿಳಿಯಬೇಕಷ್ಟೆ. ಇಳಿದು, ಓಡಿ, ನಿಂತು, ಒಳಗಿದ್ದವರನ್ನು ಅವರವರ ಮನೆಗೆ ಕಳುಹಿಸಿಕೊಡಬೇಕಷ್ಟೆ. ಆ ಕೆಲಸವನ್ನು ಮಾಡುವ ವಿಮಾನದ ಕಾಲುಗಳನ್ನು ಕುರಿತು, ಅವುಗಳನ್ನು ಕಾಯುವ ಜನರನ್ನು ಕುರಿತು, ನಾಲ್ಕು ಮಾತು ಹೇಳಬೇಕೆಂಬುದು ನನ್ನ ಆಸೆ.

ಕನ್ನಡ ಪಾಠ ಹೇಳಿಕೊಂಡು ಆಯುಷ್ಯ ಕಳೆದವನಿಗೆ ಈ ಗೊಡವೆ ಏಕೆ ಎಂದು ಕೇಳಬಹುದು. ಕಾರಣ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹಳಗನ್ನಡದ ಪದ್ಯ ಬಂದ ದಿನ ತರಗತಿಗೆ ತಪ್ಪಿಸಿಕೊಳ್ಳುತ್ತಿದ್ದ ಹುಡುಗ. ಈಗ ವಿಮಾನಗಳ ನಿರ್ವಹಣೆಯ ಎಂಜಿನಿಯರು. ಒಂದು ಸಂಜೆ ಮನೆಗೆ ಬಂದವನು ಕಾಫಿ ಕುಡಿಯುತ್ತ, “ಸಾರ್, ನೀವು ವಿಮಾನ ಹತ್ತುವಾಗ ರೆಕ್ಕೆ ನೋಡ್ತೀರಿ, ಎಂಜಿನ್ ನೋಡ್ತೀರಿ. ಅದರ ಕಾಲು ಯಾವತ್ತಾದ್ರೂ ನೋಡಿದ್ದೀರಾ?” ಎಂದು ಕೇಳಿದ. ನೋಡಿರಲಿಲ್ಲ. ಅಂದಿನಿಂದ ನೋಡತೊಡಗಿದೆ, ತಿಳಿಯದ್ದನ್ನು ಅವನಿಂದ ಕೇಳಿ ತಿಳಿದುಕೊಂಡೆ. ಗುರುಶಿಷ್ಯರ ಪಾತ್ರ ಅದಲುಬದಲಾಯಿತು, ಅಷ್ಟೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನವರು ಇದನ್ನು ಲ್ಯಾಂಡಿಂಗ್ ಗೇರ್ ಎನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಗೇರು ಎಂದರೆ ಬೀಜ ನೆನಪಾಗುತ್ತದೆ. ಬಸ್ಸಿನ ಚಾಲಕರಿಗೆ ಕೈಯಡಿಯ ಕೋಲು ನೆನಪಾಗುತ್ತದೆ. ನಾನು ‘ಇಳಿಗಾಲು’ ಎಂಬ ಪದವನ್ನು ಟಂಕಿಸಿ ಶಿಷ್ಯನ ಮುಂದಿಟ್ಟೆ. ಅವನು ನಕ್ಕು, “ಚೆನ್ನಾಗಿದೆ ಸಾರ್, ಆದರೆ ಹ್ಯಾಂಗರಿನಲ್ಲಿ ಗೇರ್ ಅಂದರೇ ತಿರುಗಿ ನೋಡೋದು” ಎಂದ. ಹ್ಯಾಂಗರಿನಲ್ಲಿ ಅವನ ಮಾತು ನಡೆಯಲಿ. ಈ ಕಾಲುಗಂಟೆಯ ಮಟ್ಟಿಗೆ ನನ್ನ ಇಳಿಗಾಲು ನಡೆಯಲಿ.

ಗದ್ದೆಗೆ ಇಳಿಯುವ ಬೆಳ್ಳಕ್ಕಿಯನ್ನು ನೀವು ಗಮನಿಸಿರಬಹುದು. ಹಾರುವಾಗ ಅದು ಕಾಲುಗಳನ್ನು ಹಿಂದಕ್ಕೆ ಚಾಚಿ ಮೈಯ ಸಾಲಿಗೆ ಸೇರಿಸಿಕೊಂಡಿರುತ್ತದೆ. ಇಳಿಯುವಾಗ ಮುಂದಕ್ಕೆ ತರುತ್ತದೆ. ನೆಲ ತಾಕಿದೊಡನೆ ಕಾಲಿನ ಕೀಲುಗಳನ್ನು ಬಾಗಿಸಿ ಪೆಟ್ಟನ್ನು ನುಂಗುತ್ತದೆ. ಒಂದೆರಡು ಹೆಜ್ಜೆ ಓಡಿ ನಿಲ್ಲುತ್ತದೆ. ಮಡಿಸುವುದು, ನುಂಗುವುದು, ಓಡುವುದು, ನಿಲ್ಲುವುದು – ಇಳಿಗಾಲಿನ ಕೆಲಸ ಈ ನಾಲ್ಕೇ. ಹಕ್ಕಿಗೆ ಹುಟ್ಟಿನೊಡನೆ ಬಂದ ಈ ನಾಲ್ಕನ್ನು ಒಂದೊಂದಾಗಿ ಕಲಿಯಲು ಮನುಷ್ಯನಿಗೆ ಹಲವು ದಶಕಗಳೇ ಬೇಕಾದವು.

ರೈಟ್ ಸೋದರರು 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಎಂಬಲ್ಲಿ ಮೊದಲ ಬಾರಿಗೆ ಹಾರಿದಾಗ ಅವರ ವಿಮಾನಕ್ಕೆ ಗಾಲಿಗಳೇ ಇರಲಿಲ್ಲ. ಮರಳಿನ ಮೇಲೆ ಮರದ ಹಳಿ ಹಾಕಿ, ಹಳಿಯ ಮೇಲೆ ಉರುಳುವ ಪುಟ್ಟ ಆಸರೆಯೊಂದನ್ನಿಟ್ಟು, ಅದರ ಮೇಲೆ ವಿಮಾನವನ್ನು ಕೂರಿಸಿ ಓಡಿಸಿದರು. ಆಸರೆ ಕೆಳಗೇ ಉಳಿಯಿತು; ವಿಮಾನ ಮೇಲೆದ್ದು 12 ಸೆಕೆಂಡುಗಳಲ್ಲಿ 120 ಅಡಿ ಹೋಗಿ, ಹಿಮದ ಜಾರುಬಂಡಿಗೆ ಇರುವಂಥ ಮರದ ಜಾರುಗಾಲುಗಳ ಮೇಲೆ ಮರಳಿಗೆ ಇಳಿಯಿತು. 1906ರಲ್ಲಿ ಪ್ಯಾರಿಸ್ಸಿನಲ್ಲಿ ಸಾಂಟೋಸ್ ದ್ಯುಮೊಂಟ್ ತನ್ನ ವಿಮಾನಕ್ಕೆ ಗಾಲಿಗಳನ್ನೇ ಜೋಡಿಸಿ, ಯಾವ ಹಳಿಯ ಹಂಗೂ ಇಲ್ಲದೆ ಮೇಲೆದ್ದು ತೋರಿಸಿದ. 1909ರ ಜುಲೈ 25ರಂದು ಬ್ಲೆರಿಯೊ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದ. ಲೋಕವೆಲ್ಲ ಜಯಜಯಕಾರ ಮಾಡಿತು. ಆದರೆ ಡೋವರ್ ಕೋಟೆಯ ಬಳಿ ಇಳಿಯುವಾಗ ಅವನ ವಿಮಾನದ ಕಾಲೂ ಪಂಖವೂ ಮುರಿದುಹೋದವು ಎಂಬುದನ್ನು ಆ ಗದ್ದಲದಲ್ಲಿ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಾರುವುದನ್ನು ಅಷ್ಟುಮಟ್ಟಿಗೆ ಕಲಿತಿದ್ದರು. ಇಳಿಯುವುದನ್ನು ಇನ್ನೂ ಕಲಿಯಬೇಕಾಗಿತ್ತು.

ಆ ಕಾಲದ ವಿಮಾನಗಳಿಗೆ ಮುಂದೆ ಎರಡು ದೊಡ್ಡ ಗಾಲಿ, ಹಿಂದೆ ಬಾಲದಡಿಗೆ ಒಂದು ಪುಟ್ಟ ಗಾಲಿ ಅಥವಾ ಬರಿಯ ಒಂದು ಊರುಗೋಲು. ಮೂತಿ ಮೇಲೆತ್ತಿ, ಬಾಲ ನೆಲಕ್ಕೂರಿ ಕುಳಿತ ನಾಯಿಯ ಭಂಗಿ. ಇದಕ್ಕೆ ಕಾರಣವೂ ಇತ್ತು. ಮೂತಿಯಲ್ಲಿ ತಿರುಗುವ ಪಂಖ ನೆಲಕ್ಕೆ ತಾಗಬಾರದು. ಇಳಿಯುವ ಜಾಗವೂ ಆಗ ಹುಲ್ಲುಬಯಲೇ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಎಂಬ ತರಬೇತಿ ವಿಮಾನವೂ ಈ ಜಾತಿಯದೇ. ನಗರದ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋದವರು ಅದರ ಮುಂದೆ ಒಂದು ನಿಮಿಷ ನಿಲ್ಲಬೇಕು. ನಮ್ಮ ಎಷ್ಟೋ ವಿಮಾನಚಾಲಕರು ಅಕ್ಷರಾಭ್ಯಾಸ ಮಾಡಿದ್ದು ಆ ಕಾಲುಗಳ ಮೇಲೆ.

ಬಾಲಗಾಲಿಯ ವಿಮಾನಕ್ಕೆ ಒಂದು ದುರ್ಗುಣವುಂಟು. ಅದರ ಭಾರದ ಕೇಂದ್ರ ಮುಂದಿನ ಗಾಲಿಗಳಿಗಿಂತ ಹಿಂದಿರುತ್ತದೆ. ಒಂದು ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಲು ನೋಡಿ. ಕ್ಷಣಕ್ಷಣಕ್ಕೂ ಕೈ ಆಡಿಸುತ್ತಿದ್ದರೆ ಮಾತ್ರ ನಿಲ್ಲುತ್ತದೆ, ಸ್ವಲ್ಪ ಮೈಮರೆತರೆ ಉರುಳುತ್ತದೆ. ಅದೇ ಕೋಲನ್ನು ಬೆರಳಿನಿಂದ ಕೆಳಕ್ಕೆ ತೂಗುಬಿಟ್ಟರೆ ತಾನಾಗಿಯೇ ನೆಟ್ಟಗಿರುತ್ತದೆ. ಭಾರವು ಗಾಲಿಯ ಹಿಂದಿರುವುದು ಮೊದಲನೆಯ ರೀತಿ. ಓಡುವಾಗ ವಿಮಾನ ಎಳ್ಳಷ್ಟು ಓರೆಯಾದರೂ ಹಿಂದಿನ ಭಾರ ಮುನ್ನುಗ್ಗಿ ಅದನ್ನು ಗಿರ್ರನೆ ತಿರುಗಿಸಿಬಿಡುತ್ತದೆ. ತಡೆಯನ್ನು ಬಲವಾಗಿ ಒತ್ತಿದರೆ ಮೂಗು ಮುಗ್ಗರಿಸುತ್ತದೆ. ಆದುದರಿಂದ ಮುಂದಿನ ತಲೆಮಾರಿನವರು ಪುಟ್ಟ ಗಾಲಿಯನ್ನು ಬಾಲದಿಂದ ಕಿತ್ತು ಮೂತಿಯಡಿಗೆ ಇಟ್ಟರು. ದೊಡ್ಡ ಗಾಲಿಗಳನ್ನು ಭಾರಕೇಂದ್ರದ ಹಿಂದಕ್ಕೆ ಸರಿಸಿದರು. ಇದು ತೂಗುಬಿಟ್ಟ ಕೋಲಿನ ರೀತಿ. ಇಂದಿನ ಪ್ರಯಾಣಿಕರ ಜೆಟ್ ವಿಮಾನಗಳು ಹೀಗೆಯೇ ನಿಂತಿವೆ. ಭಾರದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಹಿಂದಿನ ಕಾಲುಗಳ ಮೇಲೆ. ಮೂಗಿನ ಕಾಲು ಹತ್ತು ಪಾಲು ಹೊತ್ತು, ದಾರಿ ತಿರುಗಿಸುವ ಕೆಲಸ ಮಾಡುತ್ತದೆ.

ಇದಕ್ಕೂ ಒಂದು ಕುಂದುಂಟು, ಅದು ಎತ್ತಿನ ಗಾಡಿ ಹೇರಿದವರಿಗೆಲ್ಲ ಗೊತ್ತು. ಹಿಂಬದಿಗೆ ಹೊರೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ವಿಮಾನವೂ ಸರಕು ತುಂಬುವಾಗ ಲೆಕ್ಕ ತಪ್ಪಿದರೆ ಮೂತಿ ಎತ್ತಿ ಬಾಲದ ಮೇಲೆ ಕೂರುತ್ತದೆ. ಎಂಜಿನ್ನುಗಳನ್ನೆಲ್ಲ ಹಿಂದೆಯೇ ಹೊತ್ತ ಇಲ್ಯೂಷಿನ್-62 ಎಂಬ ರಷ್ಯದ ವಿಮಾನಕ್ಕೆ, ನಿಂತಿರುವಾಗ ಬಾಲದಡಿಗೆ ಕೊಡಲೆಂದು ಗಾಲಿಯುಳ್ಳ ಒಂದು ಊರೆಗಾಲನ್ನೇ ಇಟ್ಟಿದ್ದರು. ನಮ್ಮ ರೈತ ಗಾಡಿಗೆ ಕವೆಗೋಲು ಕೊಡುವುದಕ್ಕೂ ಇದಕ್ಕೂ ಏನು ಭೇದ?

ಇನ್ನು ಮಡಿಸುವ ವಿಚಾರ. ಹಾರುವ ಹೊತ್ತಿನಲ್ಲಿ ಕಾಲು ವ್ಯರ್ಥ ಹೊರೆ. ಗಾಳಿಗೆ ಅಡ್ಡಲಾಗಿ ವೇಗವನ್ನು ತಿನ್ನುತ್ತದೆ. ವೇಗ ಕಡಮೆಯಿದ್ದಾಗ ಈ ನಷ್ಟ ದೊಡ್ಡದಲ್ಲ. ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1930ರ ದಶಕದಲ್ಲಿ ಕಾಲನ್ನು ಒಳಕ್ಕೆ ಸೆಳೆದುಕೊಳ್ಳುವ ವಿಮಾನಗಳು ವಾಡಿಕೆಗೆ ಬಂದವು. ಪ್ರಸಿದ್ಧ ಡಕೋಟದಲ್ಲಿ ಗಾಲಿ ಪೂರ್ತಿ ಒಳಹೋಗದೆ ಅರ್ಧ ಹೊರಗೇ ಉಳಿಯುತ್ತಿತ್ತು. ಇಂದಿಗೂ ಬೋಯಿಂಗ್ 737 ತಲೆಯ ಮೇಲೆ ಹಾರಿಹೋಗುವಾಗ ನೋಡಿ; ಹೊಟ್ಟೆಯಲ್ಲಿ ಮಡಿಸಿಟ್ಟ ಗಾಲಿಗಳ ದುಂಡು ಮುಖ ಕಾಣುತ್ತದೆ, ಅವುಗಳಿಗೆ ಮುಚ್ಚಳವಿಲ್ಲ. ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಾದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದಲ್ಲಿ ಇನ್ನೊಂದು ಜಾಣ್ಮೆಯಿತ್ತು. ಕಾಲುಗಳನ್ನು ಅವುಗಳ ಕದಗಳ ಸಮೇತ ಅರ್ಧ ಇಳಿಬಿಟ್ಟರೆ ಅವೇ ಗಾಳಿಗೆ ಅಡ್ಡವಾಗಿ, ಆಕಾಶದಲ್ಲಿ ವೇಗ ತಗ್ಗಿಸುವ ತಡೆಯಾಗುತ್ತಿದ್ದವು. ದೋಷವನ್ನೇ ಗುಣವಾಗಿಸಿಕೊಂಡ ಬಗೆ ಇದು.

ಮಡಿಸಿದ್ದು ಬೇಕಾದಾಗ ಬಿಚ್ಚಿಕೊಳ್ಳಲೇಬೇಕು. ಎಣ್ಣೆಯ ಒತ್ತಡ ಕಾಲನ್ನು ಎಳೆಯುತ್ತದೆ, ಕೊಕ್ಕೆಯೊಂದು ಮೇಲೆ ಹಿಡಿದಿಡುತ್ತದೆ, ಕದ ಮುಚ್ಚುತ್ತದೆ. ಇಳಿಸುವಾಗ ಈ ಕ್ರಮ ಹಿಂದುಮುಂದಾಗುತ್ತದೆ. ಕೆಳಗಿಳಿದ ಕಾಲಿನ ಹಿಂದೆ ಮಡಿಕೆಯ ಕೊಂಡಿಯೊಂದು, ಮೊಣಕಾಲನ್ನು ಹಿಂದಕ್ಕೆ ಒತ್ತಿ ಬಿಗಿಹಿಡಿದು ನಿಂತಂತೆ, ನೇರವಾಗಿ ಸೆಟೆದು ಬೀಗವಾಗುತ್ತದೆ. ಆಗ ಚಾಲಕನ ಮುಂದೆ ಮೂರು ಹಸಿರು ದೀಪ ಹತ್ತುತ್ತವೆ. ಎಣ್ಣೆಯ ಒತ್ತಡವೇ ಕೈಕೊಟ್ಟರೆ? ಕೊಕ್ಕೆಯನ್ನು ಬೇರೊಂದು ದಾರಿಯಿಂದ ಬಿಡಿಸಿ, ಕಾಲು ತನ್ನ ಭಾರಕ್ಕೆ ತಾನೇ ಬೀಳುವಂತೆ ಮಾಡಿರುತ್ತಾರೆ. ಹಲವು ವಿಮಾನಗಳಲ್ಲಿ ಮೂಗಿನ ಕಾಲು ಮುಂದಕ್ಕೆ ಮಡಿಯುವುದು ಈ ಕಾರಣಕ್ಕೇ. ಬಿಡಿಸಿದೊಡನೆ ಎದುರುಗಾಳಿಯೇ ಅದನ್ನು ಹಿಂದಕ್ಕೆ ನೂಕಿ ಬೀಗಕ್ಕೆ ಕೂರಿಸುತ್ತದೆ. ಯಂತ್ರ ಸೋತ ಕಡೆ ಭೂಮಿ ಮತ್ತು ಗಾಳಿ ಕೈಹಿಡಿಯಬೇಕೆಂಬುದು ಇಲ್ಲಿನ ಯೋಚನೆ.

ಎಲ್ಲಕ್ಕಿಂತ ಸೊಗಸಾದ ಅಂಗ ಪೆಟ್ಟು ನುಂಗುವ ಕಂಬ. ದೊಡ್ಡ ವಿಮಾನದ ಇಳಿಗಾಲನ್ನು, ಇಳಿಯಬಹುದಾದ ಗರಿಷ್ಠ ಭಾರದಲ್ಲಿ ಸೆಕೆಂಡಿಗೆ 10 ಅಡಿ ವೇಗದಿಂದ ನೆಲಕ್ಕೆ ಕುಸಿದರೂ ತಾಳಿಕೊಳ್ಳುವಂತೆ ರಚಿಸಬೇಕೆಂದು ನಿಯಮ. ಒಂದೂವರೆ ಅಡಿ ಎತ್ತರದ ಜಗಲಿಯಿಂದ ಧುಮುಕಿದವನು ನೆಲ ಮುಟ್ಟುವುದೂ ಸುಮಾರು ಇದೇ ವೇಗದಲ್ಲಿ. ಅಷ್ಟೇಯೇ ಎನ್ನಬೇಡಿ, ಇಲ್ಲಿ ಧುಮುಕುವುದು ಮನುಷ್ಯನಲ್ಲ, ನಮ್ಮ ಊರುಗಳ ನಡುವೆ ಓಡಾಡುವ ಏರ್‌ಬಸ್ 320 ಆದರೂ ಸುಮಾರು 65 ಟನ್ ಭಾರ. ಸುರುಳಿಯ ಸ್ಪ್ರಿಂಗನ್ನು ಮಾತ್ರ ಇಟ್ಟರೆ ಅದು ಪೆಟ್ಟನ್ನು ಸಾಲವಾಗಿ ತೆಗೆದುಕೊಂಡು ಮರುಕ್ಷಣವೇ ಹಿಂದಿರುಗಿಸುತ್ತದೆ. ವಿಮಾನ ಚೆಂಡಿನಂತೆ ಪುಟಿಯುತ್ತದೆ. ಬೇಕಾದದ್ದು ತೆಗೆದುಕೊಂಡು ಹಿಂದಿರುಗಿಸದ ಸಾಧನ.

ಕೊಳವೆಯೊಳಗೆ ಕೊಳವೆ ಜಾರುವಂತೆ ಮಾಡಿ, ಒಳಗೆ ಎಣ್ಣೆಯನ್ನೂ ಒತ್ತಿ ತುಂಬಿದ ಸಾರಜನಕವನ್ನೂ ಇಟ್ಟರು. ನಡುವೆ ಒಂದು ಕಿರುತೂತು. ಓಕುಳಿಯ ಪಿಚಕಾರಿಯನ್ನು ಮೆಲ್ಲಗೆ ಒತ್ತಿದರೆ ನೀರು ಸಲೀಸಾಗಿ ಹೋಗುತ್ತದೆ. ರಭಸದಿಂದ ಒತ್ತಿದರೆ ಕೈಗೆ ಎದುರು ಬೀಳುತ್ತದೆ. ಇಲ್ಲಿಯೂ ಹಾಗೆಯೇ. ಗಾಲಿ ನೆಲಕ್ಕೆ ಬಡಿದಾಗ ಎಣ್ಣೆ ಆ ತೂತಿನಲ್ಲಿ ನುಗ್ಗಲು ತಿಣುಕುತ್ತದೆ, ಪೆಟ್ಟಿನ ಶಕ್ತಿ ಶಾಖವಾಗಿ ಕರಗುತ್ತದೆ. ಅನಿಲವು ಮೆತ್ತೆಯಾಗಿ ಭಾರ ಹೊರುತ್ತದೆ. ಇದೇ ತತ್ತ್ವವನ್ನು ಫ್ರೆಂಚರು 1897ರ ತಮ್ಮ ಹೆಸರಾಂತ ಫಿರಂಗಿಯಲ್ಲಿ, ಗುಂಡು ಹಾರಿದಾಗಿನ ಹಿನ್ನೂಕನ್ನು ತಡೆಯಲು ಬಳಸಿದ್ದರು. ಕೊಲ್ಲುವ ಯಂತ್ರದಲ್ಲಿ ಪಳಗಿದ ಉಪಾಯ ಜನರನ್ನು ಮೆಲ್ಲಗೆ ನೆಲಕ್ಕಿಳಿಸಲೂ ಒದಗಿತು. ನಿಂತ ವಿಮಾನದ ಕಾಲಿನಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಗೇಣು ಕೊಳವೆ ಕಾಣುತ್ತದಲ್ಲ, ಅದೇ ಈ ಒಳಗೊಳವೆ. ಹೊಳಪು ಅಲಂಕಾರಕ್ಕಲ್ಲ, ಅದರ ಮೇಲೆ ಒಂದು ಗೀರು ಬಿದ್ದರೂ ಎಣ್ಣೆ ಜಿನುಗುತ್ತದೆ.

ಹಡಗಿನ ಮೇಲೆ ಇಳಿಯುವ ವಿಮಾನಗಳ ಪಾಡು ಇನ್ನೂ ಕಠಿಣ. ಅಲ್ಲಿ ಮೆಲ್ಲಗೆ ಮುಟ್ಟಲು ಜಾಗವಿಲ್ಲ. ಬಹುಮಟ್ಟಿಗೆ ಅಪ್ಪಳಿಸುವುದೇ ಪದ್ಧತಿ. ನೆಲದ ವಿಮಾನದ ಎರಡು ಪಟ್ಟಿಗೂ ಮೀರಿದ ಕುಸಿತವನ್ನು ಆ ಕಾಲುಗಳು ತಾಳಬೇಕು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ಸಿನ ನೌಕಾ ಮಾದರಿಗೆ ಅದಕ್ಕಾಗಿಯೇ ಹೆಚ್ಚು ಗಟ್ಟಿಯಾದ ಕಾಲುಗಳನ್ನು ಕೊಟ್ಟರು. 2020ರ ಜನವರಿ 11ರಂದು ಅದು, ಕಾರವಾರವನ್ನು ತವರು ಬಂದರಾಗಿ ಉಳ್ಳ ವಿಕ್ರಮಾದಿತ್ಯ ನೌಕೆಯ ಮೇಲೆ ಮೊದಲ ಬಾರಿಗೆ ಇಳಿದು, ಅಡ್ಡ ಕಟ್ಟಿದ ತಂತಿಗೆ ಕೊಕ್ಕೆ ಸಿಕ್ಕಿಸಿ ನಿಂತಿತು.

ಓಡುವುದು ಮೂರನೆಯದು. ಇಲ್ಲಿ ಕರ್ಣನ ನೆನಪಾಗದೆ ಇರದು. ರಥದ ಗಾಲಿಯನ್ನು ನೆಲ ನುಂಗಿದ್ದಕ್ಕೆ ಶಾಪ ಕಾರಣವೆಂದು ಕಥೆ ಹೇಳುತ್ತದೆ. ಎಂಜಿನಿಯರನನ್ನು ಕೇಳಿದರೆ, ಅಷ್ಟು ಭಾರವನ್ನು ಅಷ್ಟು ಕಿರಿದಾದ ಗಾಲಿಯ ಮೇಲೆ ಹೇರಿದ್ದು ಕಾರಣವೆಂದಾನು. ವಿಮಾನ ದೊಡ್ಡದಾದಂತೆ ಗಾಲಿಗಳು ಹೆಚ್ಚುವುದು ಈ ಕರ್ಣಭಯದಿಂದಲೇ. ಏರ್‌ಬಸ್ 320ಕ್ಕೆ ಆರು ಗಾಲಿ. ಬೋಯಿಂಗ್ 777ಕ್ಕೆ 14. ಬೋಯಿಂಗ್ 747ಕ್ಕೆ 18. ಏರ್‌ಬಸ್ 380ಕ್ಕೆ 22. ಉಕ್ರೇನಿನಲ್ಲಿ ತಯಾರಾಗಿ 2022ರ ಯುದ್ಧದಲ್ಲಿ ನಾಶವಾದ ಅಂಟೊನೋವ್-225 ಎಂಬ ಮಹಾಕಾಯಕ್ಕೆ 32 ಗಾಲಿಗಳಿದ್ದವು. ಭಾರವನ್ನು ಹಂಚಿ ಹೊರದಿದ್ದರೆ ಕಾಂಕ್ರೀಟಿನ ಓಡುದಾರಿಯೂ ಬಿರಿಯುತ್ತದೆ.

ಆ ಗಾಲಿಗಳ ಟೈರಿನ ಬಾಳು ಕಷ್ಟದ ಬಾಳು. ಆಕಾಶದಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ ಹೊರಗೆ ಸುತ್ತಿರುತ್ತದೆ. ಗಾಲಿ ನಿಶ್ಚಲವಾಗಿರುತ್ತದೆ. ನೆಲ ತಾಕಿದ ಗಳಿಗೆಯಲ್ಲಿ ಅದು ನಿಂತಲ್ಲಿಂದ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗಕ್ಕೆ ತಿರುಗಬೇಕು. ಆಗ ಏಳುವ ಬಿಳಿಯ ಹೊಗೆ, ರಸ್ತೆಗೆ ತೆತ್ತ ರಬ್ಬರಿನ ಸುಂಕ. ಕಾರಿನ ಟೈರಿನ ಆರು ಪಟ್ಟು ಒತ್ತಡದಲ್ಲಿ ಅದನ್ನು ತುಂಬಿರುತ್ತಾರೆ. ತುಂಬುವುದು ಗಾಳಿಯನ್ನಲ್ಲ, ಸಾರಜನಕವನ್ನು. ಇದರ ಹಿಂದೆ ಒಂದು ದುಃಖದ ಕಥೆಯುಂಟು. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಒಂದು ಬೋಯಿಂಗ್ 727 ಮೇಲೇರಿದ ಕೆಲವೇ ನಿಮಿಷಗಳಲ್ಲಿ, ಕಾದ ತಡೆಯ ಶಾಖಕ್ಕೆ ಒಳಗೆ ಮಡಿಸಿದ್ದ ಟೈರು ಸಿಡಿಯಿತು. ಅದರಲ್ಲಿ ಸಾರಜನಕದ ಬದಲು ಸಾಮಾನ್ಯ ಗಾಳಿಯನ್ನು ತುಂಬಿದ್ದರು. ಗಾಳಿಯ ಆಮ್ಲಜನಕ ಕಾದ ರಬ್ಬರಿನ ಆವಿಯೊಡನೆ ಸೇರಿ ಸ್ಫೋಟವಾಯಿತು. 167 ಮಂದಿ ಸತ್ತರು.

ನಿಲ್ಲಿಸುವ ತಡೆಗಳು ಇಂಗಾಲದ ಬಿಲ್ಲೆಗಳ ಅಟ್ಟಿ. ಒಂದು ನಿಂತ ಬಿಲ್ಲೆ, ಒಂದು ತಿರುಗುವ ಬಿಲ್ಲೆ, ಹೀಗೆ ಒಂದರ ಪಕ್ಕ ಒಂದು. ಒತ್ತಿದಾಗ ಉಜ್ಜಿ ವೇಗವನ್ನೆಲ್ಲ ಶಾಖ ಮಾಡುತ್ತವೆ. ಗಾಲಿ ಜಾರದಂತೆ ತಡೆಯನ್ನು ಬಿಟ್ಟುಬಿಟ್ಟು ಒತ್ತುವ ಏರ್ಪಾಡು ಕಾರುಗಳಿಗಿಂತ ಬಹು ಮೊದಲು, 1950ರ ದಶಕದಲ್ಲೇ, ವಿಮಾನಗಳಿಗೆ ಬಂದಿತು. ಗಾಲಿ ಮಿತಿಮೀರಿ ಕಾದರೆ ಅದರಲ್ಲಿರುವ ಮೆದು ಲೋಹದ ಬಿರಡೆ ಕರಗಿ, ಟೈರು ಸಿಡಿಯುವ ಮೊದಲೇ ಅನಿಲವನ್ನು ಹೊರಬಿಡುತ್ತದೆ. ಕಾದ ಗಾಲಿಯ ಬಳಿಗೆ ಮುಂದಿನಿಂದಲೋ ಹಿಂದಿನಿಂದಲೋ ಹೋಗಬೇಕು, ಪಕ್ಕದಿಂದ ಎಂದಿಗೂ ಹೋಗಕೂಡದು ಎಂಬುದು ಆ ಕಸುಬಿನ ಮೊದಲ ಪಾಠಗಳಲ್ಲೊಂದು. ಸಿಡಿದರೆ ಚೂರುಗಳು ಹಾರುವುದು ಪಕ್ಕಕ್ಕೆ.

ಇಲ್ಲಿಯವರೆಗೆ ಹೇಳಿದ್ದು ಕಾಲಿನ ಕಥೆ. ಇನ್ನು ಕಾಲು ಒತ್ತುವವರ ಕಥೆ.

ವಿಮಾನ ಬಂದು ನಿಂತೊಡನೆ ಒಬ್ಬನು ಟಾರ್ಚು ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕುವುದನ್ನು ಕಿಟಕಿಯಿಂದ ನೀವು ಕಂಡಿರಬಹುದು. ಅವನು ಟೈರಿನ ಗೀರು, ಸವೆತ ನೋಡುತ್ತಾನೆ. ತಡೆಯಲ್ಲಿ ಚಾಚಿಕೊಂಡಿರುವ ಪುಟ್ಟ ಕಡ್ಡಿಯ ಉದ್ದ ನೋಡುತ್ತಾನೆ. ಬಿಲ್ಲೆ ಸವೆದಂತೆ ಆ ಕಡ್ಡಿ ಗಿಡ್ಡವಾಗುತ್ತದೆ. ಹೊಳೆಯುವ ಕೊಳವೆ ಎಷ್ಟು ಹೊರಗಿದೆ, ಎಣ್ಣೆ ಜಿನುಗಿದೆಯೇ, ಗಾಲಿಯನ್ನು ನೇರವಾಗಿ ಹಿಡಿದಿಡುವ ಕತ್ತರಿಯಾಕಾರದ ಕೊಂಡಿಗಳ ಕೀಲು ಸಡಿಲವಾಗಿದೆಯೇ, ನೋಡುತ್ತಾನೆ. ಆ ಕೀಲು ಸವೆದರೆ, ಆಸ್ಪತ್ರೆಯ ತಳ್ಳುಗಾಡಿಯ ಮುಂಗಾಲಿ ತತ್ತರಿಸುವಂತೆ ವಿಮಾನದ ಗಾಲಿಯೂ ಓಟದಲ್ಲಿ ನಡುಗಿ ಕಾಲನ್ನೇ ಅಲುಗಿಸುತ್ತದೆ. ನಮ್ಮ ಗಾಡಿಗಳಿಗೆ ಕಡಾಣಿಯುಂಟಷ್ಟೆ; ಅಂಗೈ ಅಗಲದ ಆ ಕೀಲು ಕಳಚಿದರೆ ಗಾಲಿ ಒಂದು ಕಡೆ, ಗಾಡಿ ಒಂದು ಕಡೆ. ವಿಮಾನಕ್ಕೂ ಅಂಥ ಕೀಲುಂಟು. ನಿಂತಿರುವಾಗ ಕಾಲು ಅಕಸ್ಮಾತ್ತಾಗಿ ಮಡಿಯದಿರಲೆಂದು ಕೆಂಪು ಪಟ್ಟಿ ಕಟ್ಟಿದ ಕೀಲೊಂದನ್ನು ತೂತಿಗೆ ಸಿಕ್ಕಿಸುತ್ತಾರೆ. ಹಾರುವ ಮುನ್ನ ತೆಗೆಯುತ್ತಾರೆ. 2021ರ ಜೂನ್ 18ರಂದು ಲಂಡನ್ನಿನ ಹೀತ್ರೂದಲ್ಲಿ ಬೋಯಿಂಗ್ 787 ಒಂದನ್ನು ಪರೀಕ್ಷಿಸುವಾಗ ಆ ಕೀಲನ್ನು ಅದರ ತೂತಿಗೆ ಹಾಕದೆ ಪಕ್ಕದಲ್ಲೇ ಇದ್ದ ಬೇರೊಂದು ತೂತಿಗೆ ಹಾಕಿಬಿಟ್ಟರು. ಪರೀಕ್ಷೆಗೆಂದು ಸನ್ನೆಯನ್ನು ಮೇಲೆತ್ತಿದೊಡನೆ ಮೂಗಿನ ಕಾಲು ಮಡಿದು, ವಿಮಾನ ನೆಲಕ್ಕೆ ಮುಖವಿಟ್ಟಿತು. ಪ್ರಾಣಹಾನಿಯಾಗಲಿಲ್ಲ.

ಸುಮಾರು ಹತ್ತು ವರ್ಷಕ್ಕೊಮ್ಮೆ ಅಥವಾ ಇಪ್ಪತ್ತು ಸಾವಿರ ಹಾರಾಟಕ್ಕೊಮ್ಮೆ, ಯಾವುದು ಮೊದಲೋ ಆಗ, ಏರ್‌ಬಸ್ 320ರಂಥ ವಿಮಾನದ ಕಾಲುಗಳನ್ನು ಪೂರ್ತಿ ಕಳಚಿ ಕಾರ್ಖಾನೆಗೆ ಕಳುಹಿಸುತ್ತಾರೆ. ಅಲ್ಲಿ ಬಣ್ಣ ಸುಲಿದು, ಲೇಪ ತೆಗೆದು, ಬರಿಯ ಉಕ್ಕನ್ನು ಪರೀಕ್ಷಿಸುತ್ತಾರೆ. ಕಾಂತದ ಪುಡಿ ಚೆಲ್ಲಿದರೆ ಕಣ್ಣಿಗೆ ಕಾಣದ ಬಿರುಕಿನ ಅಂಚಿಗೆ ಅದು ಹೋಗಿ ಮೆತ್ತಿ, ಬಿರುಕನ್ನು ಗೆರೆ ಎಳೆದು ತೋರಿಸುತ್ತದೆ. ಸವೆದ ಬಳೆಗಳನ್ನು ಬದಲಿಸಿ ಹೊಸ ಲೇಪ ಕೊಡುತ್ತಾರೆ. ಲೇಪ ಕೊಡುವಾಗ ಉಕ್ಕಿನೊಳಗೆ ಜಲಜನಕ ಹೊಕ್ಕುಬಿಡುತ್ತದೆ. ಹಾಗೇ ಬಿಟ್ಟರೆ ಅತಿ ಗಟ್ಟಿಯಾದ ಉಕ್ಕು ಒಂದು ದಿನ ಹಪ್ಪಳದಂತೆ ಮುರಿಯುತ್ತದೆ. ಅದಕ್ಕಾಗಿ ಗಂಟೆಗಟ್ಟಲೆ ಒಲೆಯಲ್ಲಿಟ್ಟು ಬೇಯಿಸಿ ಆ ಅನಿಲವನ್ನು ಓಡಿಸುತ್ತಾರೆ. ಮುಖ್ಯ ಭಾಗಗಳಿಗೆಲ್ಲ ಒಂದೊಂದು ಜಾತಕವಿರುತ್ತದೆ. ಅದರಲ್ಲಿ ಆಯುಷ್ಯವನ್ನು ಎಣಿಸುವುದು ವರ್ಷಗಳಿಂದಲ್ಲ, ಎಷ್ಟು ಸಲ ನೆಲ ಮುಟ್ಟಿತು ಎಂಬುದರಿಂದ. ನಿಗದಿಯಾದ ಎಣಿಕೆ ತುಂಬಿದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಭಾಗಕ್ಕೆ ನಿವೃತ್ತಿ.

ಇಷ್ಟೆಲ್ಲ ಎಚ್ಚರವಿದ್ದೂ ಅನಾಹುತಗಳಾಗಿವೆ. ಅವುಗಳಲ್ಲಿ ಮೂರನ್ನು ಹೇಳುತ್ತೇನೆ.

ಮೊದಲನೆಯದು 1972ರ ಡಿಸೆಂಬರ್ 29ರ ರಾತ್ರಿ ನಡೆದದ್ದು. ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸಿನ ಟ್ರೈಸ್ಟಾರ್ ವಿಮಾನ ಕಾಲು ಇಳಿಸಿತು. ಮೂರು ಹಸಿರು ದೀಪಗಳಲ್ಲಿ ಮೂಗಿನ ಕಾಲಿನ ದೀಪ ಹತ್ತಲಿಲ್ಲ. ಇಳಿಯುವುದನ್ನು ಬಿಟ್ಟು 2000 ಅಡಿ ಎತ್ತರಕ್ಕೆ ಏರಿ, ವಿಮಾನವನ್ನು ಸ್ವಯಂಚಾಲನೆಗೆ ಒಪ್ಪಿಸಿ, ಎಲ್ಲರೂ ಆ ಬಲ್ಬನ್ನು ಬಿಚ್ಚಿ ನೋಡಲು ತೊಡಗಿದರು. ಅಷ್ಟರಲ್ಲಿ ಯಾರದೋ ಮೈ ತಾಗಿ ಎತ್ತರ ಕಾಯುವ ವ್ಯವಸ್ಥೆ ಸಡಲಿತು. ವಿಮಾನ ಮೆಲ್ಲಮೆಲ್ಲಗೆ ಇಳಿಯುತ್ತ ಜೌಗು ನೆಲಕ್ಕೆ ಬಡಿಯುವವರೆಗೂ ಯಾರಿಗೂ ತಿಳಿಯಲಿಲ್ಲ. 101 ಜನ ಸತ್ತರು. ಕಾಲು ಸರಿಯಾಗಿಯೇ ಇಳಿದಿತ್ತು. ಸುಟ್ಟಿದ್ದದ್ದು ಬಲ್ಬು ಮಾತ್ರ.

ಎರಡನೆಯದು ಸುಖಾಂತ. 2011ರ ನವೆಂಬರ್ 1ರಂದು ಅಮೆರಿಕದಿಂದ ವಾರ್ಸಾಕ್ಕೆ ಬಂದ ಪೋಲಿಷ್ ವಿಮಾನದ ಎಣ್ಣೆ ದಾರಿಯಲ್ಲೇ ಸೋರಿಹೋಗಿತ್ತು. ತುರ್ತಿನ ದಾರಿಯೂ ಕೆಲಸ ಮಾಡಲಿಲ್ಲ. ಅದಕ್ಕೆ ವಿದ್ಯುತ್ತು ಕೊಡುವ ಪುಟ್ಟ ಗುಂಡಿಯೊಂದು ಹೊರಕ್ಕೆ ಬಂದಿದ್ದುದನ್ನು ಯಾರೂ ಕಂಡಿರಲಿಲ್ಲ. ಕ್ಯಾಪ್ಟನ್ ವ್ರೋನಾ ಹೊಟ್ಟೆಯ ಮೇಲೆಯೇ ವಿಮಾನವನ್ನು ಇಳಿಸಿದರು. 231 ಜನರಲ್ಲಿ ಒಬ್ಬರಿಗೂ ಪೆಟ್ಟಾಗಲಿಲ್ಲ. ಪೋಲಿಷ್ ಭಾಷೆಯಲ್ಲಿ ವ್ರೋನಾ ಎಂದರೆ ಕಾಗೆ ಎಂದು ತಿಳಿದಾಗ ನನಗೆ ಸಂತೋಷವಾಯಿತು.

ಮೂರನೆಯದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1991ರ ಜುಲೈ 11ರಂದು, ಹಜ್ ಯಾತ್ರೆ ಮುಗಿಸಿ ನೈಜೀರಿಯದ ಸೊಕೊಟೊಗೆ ಹಿಂದಿರುಗುತ್ತಿದ್ದ ಯಾತ್ರಿಕರನ್ನು ಹೊತ್ತು ಒಂದು ಡಿ.ಸಿ.-8 ವಿಮಾನ ಜಿದ್ದಾದಿಂದ ಹೊರಟಿತು. ಅದರ ಎರಡು ಟೈರುಗಳಲ್ಲಿ ಒತ್ತಡ ಕಡಮೆಯಿತ್ತು. ಅದು ನಿರ್ವಹಣೆಯವರಿಗೆ ಕೆಲವು ದಿನಗಳಿಂದ ಗೊತ್ತಿತ್ತು. ತುಂಬಲು ಸಾರಜನಕ ಕೂಡಲೇ ಸಿಗಲಿಲ್ಲ; ವೇಳಾಪಟ್ಟಿ ಹಿಂದೆ ಬಿದ್ದಿತ್ತು; ಹೊತ್ತಿಲ್ಲವೆಂದು ಬಿಟ್ಟರು. ಒಂದು ಟೈರು ಬಾಗಿದರೆ ಅದರ ಭಾರ ಜೊತೆಯ ಟೈರಿನ ಮೇಲೆ ಬೀಳುತ್ತದೆ. ಓಡುದಾರಿಯಲ್ಲಿ ಟೈರುಗಳು ಕಾದು ಹರಿದವು. ತಿರುಗದೆ ನಿಂತ ಗಾಲಿ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಮೇಲೆದ್ದ ಮೇಲೆ ಚಾಲಕರು, ಏನೂ ತಿಳಿಯದೆ, ಎಂದಿನ ಕ್ರಮದಂತೆ ಕಾಲು ಮಡಿಸಿದರು. ಉರಿಯುವ ಗಾಲಿಯನ್ನು ವಿಮಾನ ತನ್ನ ಹೊಟ್ಟೆಯೊಳಗೆ ಸೇರಿಸಿಕೊಂಡಿತು. ಹಿಂದಿರುಗಿ ನೆಲ ಮುಟ್ಟಲು ಯತ್ನಿಸುವಷ್ಟರಲ್ಲಿ ಎಲ್ಲವೂ ಮುಗಿಯಿತು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ಕಥೆಯನ್ನು ಶಿಷ್ಯ ನನಗೆ ಹೇಳಿ ಮುಗಿಸಿದಾಗ ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು, “ನಮ್ಮ ಕೆಲಸದಲ್ಲಿ ಸ್ಪ್ಯಾನರಿಗಿಂತ ಪೆನ್ನು ಭಾರ ಸಾರ್” ಎಂದ. ಕೆಲಸ ಮುಗಿದ ಮೇಲೆ ಪುಸ್ತಕದಲ್ಲಿ ರುಜು ಹಾಕಬೇಕು. ನಾನು ನೋಡಿದೆ, ಅಳೆದೆ, ಸರಿಯಿದೆ ಎಂದು ಅದರ ಅರ್ಥ. ಆ ರುಜುವನ್ನು ನಂಬಿ ಚಾಲಕ ಹಾರುತ್ತಾನೆ. ಚಾಲಕನನ್ನು ನಂಬಿ ನಾವು ಹತ್ತುತ್ತೇವೆ.

ನಾನು ಅವನಿಗೆ ಆಗ ಹೇಳದೆ ಉಳಿಸಿಕೊಂಡ ಒಂದು ಮಾತನ್ನು ಇಲ್ಲಿ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಅಂಕಗಳ ಕೂಡಿಕೆಯನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಕಡೆಯ ಕಟ್ಟನ್ನು ಕೂಡಿ ನೋಡದೆ, ನೋಡಿದ್ದೇನೆಂದು ರುಜು ಹಾಕಿದೆ. ಆ ಕಟ್ಟಿನಲ್ಲಿ ಒಬ್ಬ ಹುಡುಗನ ಒಂದು ಪ್ರಶ್ನೆಯ ಅಂಕಗಳು ಲೆಕ್ಕಕ್ಕೆ ಸೇರದೆ ಅವನು ನಪಾಸಾಗಿದ್ದ. ಮರುಎಣಿಕೆಯಲ್ಲಿ ತಪ್ಪು ಹೊರಬಿದ್ದಾಗ ಮುಂದಿನ ತರಗತಿಗಳ ಪ್ರವೇಶ ಮುಗಿದಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಆ ಹುಡುಗನ ಮುಖವನ್ನು ನಾನು ನೋಡಿಯೂ ಇಲ್ಲ. ಒಂದು ವರ್ಷ ಹೋಯಿತು, ಪ್ರಾಣ ಹೋಗಲಿಲ್ಲವೆಂದು ಸಮಾಧಾನ ಹೇಳಿಕೊಂಡಿದ್ದೆ. ಜಿದ್ದಾದ ಕಥೆ ಕೇಳಿದ ರಾತ್ರಿ ಆ ಸಮಾಧಾನ ನಿಲ್ಲಲಿಲ್ಲ. ಹೊತ್ತಿಲ್ಲವೆಂದು ಅಲ್ಲಿಯವರೂ ಬಿಟ್ಟರು, ಹೊತ್ತಿಲ್ಲವೆಂದು ನಾನೂ ಬಿಟ್ಟೆ. ಅವಸರ ಒಂದೇ, ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

ಮೊನ್ನೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದೆ. ಇಳಿಯುವ ಮುನ್ನ ಕಾಲಡಿಯಲ್ಲಿ ಗಡಗಡ ಸದ್ದಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಗಾಬರಿಯಿಂದ ನನ್ನ ಕೈ ಹಿಡಿದರು. “ಏನೂ ಇಲ್ರೀ, ಕಾಲು ಇಳಿಸ್ತಾ ಇದಾರೆ” ಎಂದೆ. ಗಾಲಿ ನೆಲ ಮುಟ್ಟಿತು, ಕಂಬ ಪೆಟ್ಟನ್ನು ನುಂಗಿತು, ವಿಮಾನ ಓಡಿ ನಿಂತಿತು. ಎಲ್ಲರೂ ಎದ್ದು ಮೇಲಿನ ಚೀಲಗಳಿಗೆ ಕೈ ಹಾಕಿದರು. ನಾನು ಕಿಟಕಿಯಿಂದ ನೋಡಿದೆ. ಟಾರ್ಚು ಹಿಡಿದ ಹುಡುಗನೊಬ್ಬ ಆಗಲೇ ರೆಕ್ಕೆಯಡಿಗೆ ಬಂದು, ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ.